ಮುಂಬಯಿ ಫ್ಲ್ಯಾಟಿನಲ್ಲಿ ಸಕ್ಯುಲೆಂಟ್: ಹೊಸಬರು ಎಲ್ಲಿಂದ ಶುರು ಮಾಡಬೇಕು?

ಸಕ್ಯುಲೆಂಟ್ ಅಂದರೆ ದಪ್ಪ ಎಲೆ-ಕಾಂಡದಲ್ಲಿ ನೀರು ಕೂಡಿಟ್ಟುಕೊಳ್ಳುವ ಗಿಡ. ಅದು ನೀರೇ ಕೇಳದ ಗಿಡ, ತಂದಿಟ್ಟು ಮರೆತರೂ ನಡೆಯುತ್ತದೆ ಅಂತ ನರ್ಸರಿಯವರು ಹೇಳುತ್ತಾರೆ. ಬಿಜಾಪುರದಲ್ಲೋ ಬಳ್ಳಾರಿಯಲ್ಲೋ ಆದರೆ ಒಪ್ಪಬಹುದಿತ್ತು. ಮುಂಬಯಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 2,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುತ್ತದೆ, ಒಗೆದ ಬಟ್ಟೆ ದಿನಗಟ್ಟಲೆ ಒಣಗುವುದಿಲ್ಲ, ಕಪಾಟಿನಲ್ಲಿಟ್ಟ ಬೆಲ್ಟಿಗೂ ಬೂಷ್ಟು ಬರುತ್ತದೆ. ಇಂಥ ಗಾಳಿಯಲ್ಲಿ ಒಣ ನಾಡಿನ ಗಿಡ ಬದುಕಬೇಕು. ಬದುಕುತ್ತದೆ, ಆದರೆ ಯಾವ ಗಿಡ ತರುತ್ತೀರಿ, ಎಂಥ ಮಣ್ಣಿಗೆ ಹಾಕುತ್ತೀರಿ ಎನ್ನುವುದರಲ್ಲೇ ಮುಕ್ಕಾಲು ಪಾಲು ತೀರ್ಮಾನವಾಗಿಬಿಡುತ್ತದೆ.

ಮೊದಲು ಗಿಡ. ಗುಲಾಬಿ ಹೂವಿನ ಹಾಗೆ ಎಲೆ ಬಿಟ್ಟಿರುವ ಎಚೆವೇರಿಯಾ ಕಂಡರೆ ಎಲ್ಲರಿಗೂ ಆಸೆ. ಅದು ಹೆಚ್ಚಾಗಿ ಮೆಕ್ಸಿಕೋದ ಎತ್ತರದ ಜಾಗಗಳ ಗಿಡ. ಇಂಥ ಗಿಡಗಳು ಹಗಲು ಎಲೆಯ ರಂಧ್ರ ಮುಚ್ಚಿಕೊಂಡಿದ್ದು ರಾತ್ರಿ ತಂಪಾದ ಮೇಲೆ ತೆರೆದು ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುತ್ತವೆ. ನಮ್ಮಲ್ಲಿ ಮೇ ತಿಂಗಳಲ್ಲಿ ರಾತ್ರಿ ತಂಪಾಗುವುದು ಎಲ್ಲಿ ಬಂತು? ಪುಣೆಯ ನೆಂಟರ ಬಾಲ್ಕನಿಯಲ್ಲಿ ಎಚೆವೇರಿಯಾ ಚೆನ್ನಾಗಿದೆ ಅಂತ ನೀವೂ ತರಬೇಡಿ. ಅಲ್ಲಿ ಸಮುದ್ರ ಮಟ್ಟದಿಂದ ಸುಮಾರು 560 ಮೀಟರ್ ಎತ್ತರ, ಮಳೆಯೂ ನಮ್ಮದರ ಮೂರರಲ್ಲಿ ಒಂದು ಪಾಲು.

ಇಲ್ಲಿ ಶುರು ಮಾಡಲು ಸ್ನೇಕ್ ಪ್ಲಾಂಟ್, ಹಾವರ್ಥಿಯಾ, ಗ್ಯಾಸ್ಟೀರಿಯಾ, ಲೋಳೆಸರ, ಜೇಡ್ ಸಾಕು. ನರ್ಸರಿಯಲ್ಲಿ ಜೇಡ್ ಅಂತ ಕೊಡುವುದು ಎಷ್ಟೋ ಸಲ ಸಣ್ಣ ದುಂಡೆಲೆಯ, ದಕ್ಷಿಣ ಆಫ್ರಿಕಾದ ಪೋರ್ಚುಲಕೇರಿಯಾ. ಬೇಜಾರು ಬೇಡ, ನಿಜವಾದ ಜೇಡ್‌ಗಿಂತ ಅದೇ ಗಟ್ಟಿ ಗಿಡ. ಇನ್ನು ನಮ್ಮ ಊರಿನ ಕಾಡುಬಸಳೆ, ಸಂದುಬಳ್ಳಿ ಎರಡೂ ಸಕ್ಯುಲೆಂಟೇ. ಚಟ್ನಿ ಮಾಡುವ ಆ ಸಂದುಬಳ್ಳಿ, ಕೆಲವರು ಮಂಗರವಳ್ಳಿ ಅನ್ನುತ್ತಾರಲ್ಲ, ಅದರದ್ದು ನಾಲ್ಕು ಗೆಣ್ಣು ಮುರಿದು ಪೇಪರಿನಲ್ಲಿ ಸುತ್ತಿ ತನ್ನಿ. ಮಂಗಳೂರಿನಿಂದ ಮುಂಬಯಿಗೆ ಬರುವ ಮತ್ಸ್ಯಗಂಧ ಎಕ್ಸ್‌ಪ್ರೆಸ್ಸಿನಲ್ಲಿ ಒಂದು ರಾತ್ರಿ ಬ್ಯಾಗಿನಲ್ಲಿ ಬಿದ್ದಿದ್ದರೆ ಒಳ್ಳೆಯದೇ, ಮುರಿದ ಜಾಗ ಅಷ್ಟರಲ್ಲಿ ಒಣಗಲು ಶುರುವಾಗಿರುತ್ತದೆ. ಮಳೆ ಕಂಡ ಗಿಡ, ಇಲ್ಲಿಗೆ ಬೇಗ ಹೊಂದಿಕೊಳ್ಳುತ್ತದೆ.

ಖರೀದಿ ಮಾಡುವುದಾದರೆ ನವೆಂಬರ್‌ನಿಂದ ಫೆಬ್ರವರಿ ಒಳಗೆ ಮಾಡಿ. ಬೈಕುಲಾದ ರಾಣಿಬಾಗಿನಲ್ಲಿ ಪಾಲಿಕೆಯವರು ನಡೆಸುವ ಹೂವು-ಗಿಡಗಳ ಪ್ರದರ್ಶನ ಬಂದರೆ ಸುಮ್ನೆ ಒಂದು ಸುತ್ತು ಹೋಗಿ ಬನ್ನಿ, ಚೆನ್ನಾಗಿ ಬೆಳೆದ ಗಿಡ ಹೇಗಿರುತ್ತದೆ ಅಂತ ಕಣ್ಣಿಗೆ ಗೊತ್ತಾಗುತ್ತದೆ. ಹಸಿರು ಕಂಬದ ಮೇಲೆ ಕೆಂಪು ಉಂಡೆ ಕೂತ ಕಳ್ಳಿ ಬೇಡ. ಆ ಉಂಡೆಯಲ್ಲಿ ಹಸಿರು ಪತ್ರಹರಿತ್ತೇ ಇಲ್ಲ, ಕೆಳಗಿನ ಗಿಡಕ್ಕೆ ಕಸಿ ಮಾಡಿರುತ್ತಾರೆ, ಜಾಸ್ತಿ ವರ್ಷ ಬಾಳುವುದಿಲ್ಲ. ಅಂಟು ಹಾಕಿ ಹೂವು ಕೂರಿಸಿದ ಕಳ್ಳಿಯಂತೂ ಮುಟ್ಟಲೇಬೇಡಿ.

ಕುಂಡ ಮತ್ತು ಮಣ್ಣು

ಮನೆಗೆ ತಂದ ಗಿಡವನ್ನು ಆ ಕಪ್ಪು ಪ್ಲಾಸ್ಟಿಕ್ ಕುಂಡದಲ್ಲೇ ಬಿಡುವವರು ಜಾಸ್ತಿ. ಒಮ್ಮೆ ಹೊರಗೆ ತೆಗೆದು ನೋಡಿ. ಕುಂಡವನ್ನು ಎರಡೂ ಬದಿ ಒತ್ತಿ, ಬೋರಲು ಹಾಕಿ, ಗಿಡ ಕೈಗೆ ಜಾರಿಸಿಕೊಳ್ಳಿ. ಒಳಗೆ ಬರೀ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ ಇರುತ್ತದೆ. ಮೇಲೆ ಒಣಗಿ ಬಿಳಚಿಕೊಂಡಿರುತ್ತದೆ, ನಡುವೆ ಹಿಂಡಿದರೆ ನೀರು ಬರುವಷ್ಟು ಒದ್ದೆ. ಕೆಲವಕ್ಕೆ ಬೇರಿನ ಸುತ್ತ ತೆಳ್ಳಗಿನ ಬಲೆಯೂ ಸಿಕ್ಕಿಕೊಂಡಿರುತ್ತದೆ, ಕತ್ತರಿಯಿಂದ ಸಿಗಿದು ತೆಗೆಯಿರಿ. ಬೆರಳಿನಲ್ಲಿ ಕೋಕೋಪೀಟ್ ಉದುರಿಸಿ, ಕಪ್ಪಾಗಿ ಮೆತ್ತಗಾದ ಬೇರು ಕತ್ತರಿಸಿ, ಎರಡು ದಿನ ಪೇಪರಿನ ಮೇಲೆ ನೆರಳಿನಲ್ಲಿಡಿ. ಗಿಡಕ್ಕೆ ಏನೂ ಆಗುವುದಿಲ್ಲ, ನೀರೆಲ್ಲ ಎಲೆಯಲ್ಲೇ ಇದೆ.

ಮಣ್ಣಿಗೆ ಲೆಕ್ಕ ಸುಲಭ: ಒಂದು ಪಾಲು ತೋಟದ ಮಣ್ಣು, ಒಂದು ಪಾಲು ಎರೆಗೊಬ್ಬರ, ಎರಡು ಪಾಲು ದಪ್ಪ ಮರಳು ಅಥವಾ ಇಟ್ಟಿಗೆ ಚೂರು ಅಥವಾ ಪರ್ಲೈಟ್ ಅನ್ನುವ ಹಗುರವಾದ ಬಿಳಿ ಹರಳು. ಬರೀ ಕೆಂಪುಮಣ್ಣು ಬೇಡ, ನಾಲ್ಕು ಸಲ ನೀರು ಬಿದ್ದರೆ ಗಟ್ಟಿಯಾಗಿ ಕೂತುಬಿಡುತ್ತದೆ. ಜುಹುವಿಗೆ ಹೋಗಿ ಮರಳು ತುಂಬಿಕೊಂಡು ಬರುವ ಯೋಚನೆಯೂ ಬೇಡ, ಅದರಲ್ಲಿ ಉಪ್ಪು. ಕುಂಡ ಮಣ್ಣಿನದ್ದಾದರೆ ಒಳ್ಳೆಯದು, ಗೋಡೆಯಿಂದಲೂ ತೇವ ಆರುತ್ತದೆ. ಗಿಡಕ್ಕಿಂತ ಎರಡು ಬೆರಳು ಅಗಲ ಇದ್ದರೆ ಸಾಕು, ತಳದಲ್ಲಿ ತೂತು ಇರಲೇಬೇಕು. ತೂತಿಲ್ಲದ ಚಂದದ ಬಟ್ಟಲಿಗೆ ಕಲ್ಲು ತುಂಬಿ ನೆಡುವವರಿದ್ದಾರೆ. ಮೇಲಿನ ಮಣ್ಣು ಪೂರ್ತಿ ನೆನೆಯುವವರೆಗೆ ನೀರು ಕಲ್ಲಿಗೆ ಇಳಿಯುವುದೇ ಇಲ್ಲ, ಆದ್ದರಿಂದ ಆ ಕಲ್ಲಿನಿಂದ ಪ್ರಯೋಜನವಿಲ್ಲ. ಗಾಜಿನ ಬಟ್ಟಲಂತೂ ಈ ಊರಿಗೆ ಹೇಳಿದ್ದಲ್ಲ.

ಜಾಗ: ಪೂರ್ವದ ಕಿಟಕಿ ಸಿಕ್ಕಿದರೆ ಅದೃಷ್ಟ. ಪಶ್ಚಿಮದ ಕಿಟಕಿಯಾದರೆ ಏಪ್ರಿಲ್-ಮೇ ಮಧ್ಯಾಹ್ನಕ್ಕೆ ತೆಳ್ಳಗಿನ ಪರದೆ ಕಟ್ಟಿ. ಎದುರಿಗೆ ಇನ್ನೊಂದು ಬಿಲ್ಡಿಂಗ್ ಇದ್ದು ಬಿಸಿಲೇ ಬಾರದಿದ್ದರೆ ಸ್ನೇಕ್ ಪ್ಲಾಂಟ್, ಹಾವರ್ಥಿಯಾ ಅಷ್ಟೇ. ಎಸಿಯ ಹೊರಗಿನ ಯೂನಿಟ್ ಬಿಸಿಗಾಳಿ ಬಿಡುವ ಕಡೆ ಇಡಬೇಡಿ. ಗ್ರಿಲ್ಲಿನಲ್ಲಿಟ್ಟ ಕುಂಡಗಳನ್ನು ತಂತಿಯಿಂದ ಕಟ್ಟಿ, ಕೆಳಗೆ ತಟ್ಟೆ ಇಡಿ. ಕೆಳಗಿನ ಮನೆಯವರು ಒಣಗಿಸಿದ ಬಟ್ಟೆಯ ಮೇಲೆ ಮಣ್ಣುನೀರು ಬಿದ್ದರೆ ಸೊಸೈಟಿ ಮೀಟಿಂಗಿನಲ್ಲಿ ನಿಮ್ಮದೇ ಸುದ್ದಿ, ಅಲ್ವಾ?

ನೀರು

'ವಾರಕ್ಕೊಮ್ಮೆ' ಅನ್ನುವ ಲೆಕ್ಕ ಮರೆತುಬಿಡಿ. ಐಸ್‌ಕ್ರೀಮ್ ಕಡ್ಡಿಯೊಂದನ್ನು ಕುಂಡದ ತಳದವರೆಗೆ ಚುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೆಗೆಯಿರಿ. ಕಡ್ಡಿಗೆ ಮಣ್ಣು ಮೆತ್ತಿದ್ದರೆ ಇವತ್ತು ನೀರಿಲ್ಲ. ಒಣಗಿ ಬಂದರೆ ತಳದ ತೂತಿನಿಂದ ಹರಿಯುವಷ್ಟು ಹಾಕಿ, ತಟ್ಟೆಯ ನೀರು ಚೆಲ್ಲಿ. ದಿನಾ ಎರಡು ಚಮಚ ಹಾಕುವುದು, ಸ್ಪ್ರೇ ಮಾಡುವುದು ಎರಡೂ ಬೇಡ. ಮೇಲ್ಮೈ ಒದ್ದೆ, ಬೇರು ಒಣ, ಎಲೆಯ ಸಂದಿಯಲ್ಲಿ ನೀರು ನಿಂತು ಕೊಳೆತ.

ಎಲೆಯೂ ಹೇಳುತ್ತದೆ. ಸುಕ್ಕುಗಟ್ಟಿ ತೆಳ್ಳಗಾದರೆ ಬಾಯಾರಿಕೆ. ಹಳದಿಯಾಗಿ, ಬೆಳಕು ಹಾಯುವ ಹಾಗೆ ಮೆತ್ತಗಾಗಿ, ಮುಟ್ಟಿದರೆ ಉದುರಿದರೆ ನೀರು ಜಾಸ್ತಿಯಾಗಿದೆ. ಎರಡರ ನಡುವೆ ಅನುಮಾನ ಬಂದರೆ ಹಾಕಬೇಡಿ. ಒಣಗಿದ ಸಕ್ಯುಲೆಂಟನ್ನು ಉಳಿಸಬಹುದು, ಕೊಳೆತದ್ದನ್ನು ಉಳಿಸುವುದು ಕಷ್ಟ.

ಮಳೆಗಾಲದ ನಾಲ್ಕು ತಿಂಗಳು

ಜೂನ್ ಮೊದಲ ವಾರದೊಳಗೆ ಕುಂಡಗಳನ್ನು ಗ್ರಿಲ್ಲಿನಿಂದ ಒಳಗೆ ತನ್ನಿ. ಜಾಗವಿಲ್ಲದಿದ್ದರೆ ಗ್ರಿಲ್ಲಿನ ಮೇಲೆ ಪ್ಲಾಸ್ಟಿಕ್ ಶೀಟ್ ಇಳಿಜಾರಾಗಿ ಕಟ್ಟಿ, ಆದರೆ ಬದಿಗಳನ್ನು ಮುಚ್ಚಬೇಡಿ. ಮಳೆನೀರಿಗಿಂತ ನಿಂತ ಗಾಳಿ ಜಾಸ್ತಿ ಕೊಲ್ಲುತ್ತದೆ, ಕುಂಡಗಳ ನಡುವೆ ಒಂದು ಗೇಣಾದರೂ ಅಂತರವಿರಲಿ, ಒಳಗಿಟ್ಟರೆ ಫ್ಯಾನಿನ ಗಾಳಿ ತಾಗುವ ಕಡೆ ಇಡಿ. ಗೊಬ್ಬರ ಪೂರ್ತಿ ಬಂದ್. ನೀರು ಮೂರು-ನಾಲ್ಕು ವಾರ ಕೊಡದಿದ್ದರೂ ನಡೆಯುತ್ತದೆ. ಸ್ನೇಕ್ ಪ್ಲಾಂಟಿಗೆ ಅದಕ್ಕಿಂತ ಜಾಸ್ತಿ ದಿನ ಬಿಡಬಹುದು.

ದಿನಕ್ಕೊಮ್ಮೆ ಕಾಂಡದ ಬುಡ ಒತ್ತಿ ನೋಡಿ. ಮೆತ್ತಗೆ ಸಿಕ್ಕಿದರೆ ತಡ ಮಾಡಬೇಡಿ. ಚೂರಿಯನ್ನು ಸರ್ಜಿಕಲ್ ಸ್ಪಿರಿಟ್‌ನಿಂದ ಒರೆಸಿ, ಕೊಳೆತ ಜಾಗಕ್ಕಿಂತ ಮೇಲೆ ಅಡ್ಡ ಕತ್ತರಿಸಿ, ಕತ್ತರಿಸಿದ ಮುಖ ನೋಡಿ. ನಡುವೆ ಕಂದು ಚುಕ್ಕೆಯೋ ಉಂಗುರವೋ ಇದ್ದರೆ ಕೊಳೆತ ಇನ್ನೂ ಮೇಲೇರಿದೆ, ಇನ್ನೊಂದು ಬಿಲ್ಲೆ ಕತ್ತರಿಸಿ. ಎಲ್ಲ ಕಡೆ ಒಂದೇ ಬಣ್ಣ ಕಾಣುವವರೆಗೆ ಹೀಗೇ ಮಾಡಿ. ಉಳಿದ ತುದಿಯನ್ನು ವಾರ ಒಣಗಿಸಿ ಒಣಮಣ್ಣಿಗೆ ಚುಚ್ಚಿ, ಬೇರು ಬರುವವರೆಗೆ ನೀರು ಬೇಡ.

ಇದೇ ಸಮಯಕ್ಕೆ ಎಲೆಯ ಬುಡದಲ್ಲಿ ಹತ್ತಿಯ ಎಳೆಯಂಥ ಬಿಳಿ ಚುಕ್ಕೆ ಕಂಡರೆ ಅದು ಹಿಟ್ಟು ತಿಗಣೆ. ಇರುವೆ ಸಾಲು ಹತ್ತಿದ್ದರೆ ಅನುಮಾನವೇ ಬೇಡ. ಇಯರ್‌ಬಡ್ ಸ್ಪಿರಿಟ್‌ನಲ್ಲಿ ಅದ್ದಿ ಒಂದೊಂದಾಗಿ ಒರೆಸಿ, ಆ ಕುಂಡವನ್ನು ಬೇರೆಯಾಗಿಡಿ, ನಾಲ್ಕು ದಿನ ಬಿಟ್ಟು ಮತ್ತೆ ಹುಡುಕಿ. ಜಾಸ್ತಿ ಹರಡಿದ್ದರೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಸೇರಿಸಿ ಸಂಜೆ ಹೊಡೆಯಿರಿ. ಬಿಸಿಲಿನಲ್ಲಿ ಹೊಡೆದರೆ ಎಲೆ ಸುಡುತ್ತದೆ.

ಗಿಡ ಹೆಚ್ಚಿಸುವುದು ಅಕ್ಟೋಬರ್ ಬಿಸಿಲು ಬಂದ ಮೇಲೆ. ಜೇಡ್ ಕೊಂಬೆ ಮುರಿದು ಒಣಗಿಸಿ ನೆಟ್ಟರೆ ಬರುತ್ತದೆ. ಕಾಡುಬಸಳೆಯ ಎಲೆಯನ್ನು ಮಣ್ಣಿನ ಮೇಲೆ ಹಾಗೇ ಮಲಗಿಸಿದರೆ ಅಂಚಿನಲ್ಲೇ ಮರಿ ಏಳುತ್ತವೆ. ಮನೆಯಲ್ಲಿ ಬೆಕ್ಕು-ನಾಯಿ ಇದ್ದರೆ ಅದನ್ನೂ ಗೊಂಚಲು ಹೂವಿನ ಕಲಂಚೋ ಗಿಡವನ್ನೂ ಅವುಗಳ ಬಾಯಿಗೆ ಸಿಗದ ಹಾಗೆ ಎತ್ತರದಲ್ಲಿಡಿ, ತಿಂದರೆ ವಿಷ. ಹಾಲು ಸುರಿಸುವ ಯುಫೋರ್ಬಿಯಾ ಕಳ್ಳಿಗಳನ್ನು ಕತ್ತರಿಸುವಾಗ ಗ್ಲೌಸ್ ಹಾಕಿ. ಆ ಹಾಲು ಕಣ್ಣಿಗೆ ಬಿದ್ದರೆ ತುಂಬಾ ನೀರಿನಲ್ಲಿ ತೊಳೆದು ಕೂಡಲೇ ಡಾಕ್ಟರ ಹತ್ತಿರ ಹೋಗಿ.