ನಾಯಿಯ ಕಿವಿ ಪದೇ ಪದೇ ಕೆಡುತ್ತಿದೆಯಾ? ಚಿಕಿತ್ಸೆ ಹೀಗಿರಲಿ, ಡಾಕ್ಟರನ್ನು ಹೀಗೆ ಹುಡುಕಿ

ರಾತ್ರಿ ಎಲ್ಲರೂ ಮಲಗಿದ ಮೇಲೆ ಪಟಪಟ ಅಂತ ಕಿವಿ ಬಡಿಯುವ ಸದ್ದು. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಪಟಪಟ. ಆಮೇಲೆ ಹಿಂಗಾಲಿನಿಂದ ಕರಕರ ಕೆರೆತ. ನಮ್ಮ ಗುಂಡ ಹೀಗೆ ಶುರು ಮಾಡಿದಾಗ ನಾನು ಎರಡು ವಾರ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಸ್ನಾನ ಮಾಡಿಸಿದ್ದೆವಲ್ಲ, ನೀರು ಹೋಗಿರಬೇಕು ಅಂದುಕೊಂಡೆ. ಒಂದು ಬೆಳಿಗ್ಗೆ ಕಿವಿ ಮುಟ್ಟಿದರೆ ಕುಂಯ್ ಎಂದು ಕೂಗಿ ದೂರ ಸರಿದ. ಅಲ್ಲಿಯವರೆಗೆ ಕಿವಿ ಸವರಿದರೆ ಸಾಕು, ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದವನು.

ಆಮೇಲಿನ ಒಂದು ವರ್ಷದಲ್ಲಿ ಅದೇ ಕಿವಿಗೆ ನಾಲ್ಕು ಸಲ ಡ್ರಾಪ್ಸ್ ಹಾಕಿದೆವು. ಪ್ರತಿ ಸಲ ಹತ್ತು ದಿನದಲ್ಲಿ ವಾಸಿ, ಎರಡು ತಿಂಗಳಿಗೆ ಮತ್ತೆ ಅದೇ ಗೋಳು. ಐದನೇ ಸಲ ಬೇರೆ ಡಾಕ್ಟರ ಹತ್ತಿರ ಹೋದಾಗ ಅವರು ಕೇಳಿದ ಮೊದಲ ಪ್ರಶ್ನೆ ಕಿವಿಯ ಬಗ್ಗೆ ಆಗಿರಲಿಲ್ಲ. "ಇವನು ಪಾದ ನೆಕ್ಕುತ್ತಾನಾ?" ಅಂದರು. ನೆಕ್ಕುತ್ತಿದ್ದ, ದಿನವಿಡೀ. ಅದು ಅವನ ಅಭ್ಯಾಸ ಅಂತ ನಾವು ಸುಮ್ನಿದ್ದೆವು. ಅಲರ್ಜಿ ಇರುವ ನಾಯಿಗೆ ಪಾದವೂ ತುರಿಸುತ್ತದೆ, ಕಿವಿಯೂ ತುರಿಸುತ್ತದೆ ಅನ್ನುವುದು ನನಗೆ ಗೊತ್ತಾಗಿದ್ದು ಅವತ್ತು.

ಕಿವಿಯ ಒಳದಾರಿ

ನಾಯಿಯ ಕಿವಿಯ ದಾರಿ ಮೊದಲು ಕೆಳಕ್ಕೆ ಇಳಿಯುತ್ತದೆ, ಆಮೇಲೆ ತಲೆಯ ಒಳಕ್ಕೆ ತಿರುಗುತ್ತದೆ. ಇಂಗ್ಲಿಷಿನ ಎಲ್ ಅಕ್ಷರದ ಹಾಗೆ. ಆ ತಿರುವು ದಾಟಿದ ಮೇಲೆ ಕಿವಿತಮಟೆ. ಹಾಗಾಗಿ ಒಳಗೆ ಸೇರಿದ ನೀರು, ಗುಗ್ಗೆ, ಕೀವು ಸುಲಭಕ್ಕೆ ಹೊರಗೆ ಬರುವುದಿಲ್ಲ. ಬೆಚ್ಚಗೆ, ಒದ್ದೆಯಾಗಿ, ಗಾಳಿಯಾಡದೆ ಇರುವ ಈ ಜಾಗ ಯೀಸ್ಟ್ ಎಂಬ ಶಿಲೀಂಧ್ರಕ್ಕೆ, ಬ್ಯಾಕ್ಟೀರಿಯಾಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಜೋಲು ಕಿವಿಯ ನಾಯಿಗಳಲ್ಲಿ ಇನ್ನೂ ಜಾಸ್ತಿ.

ಮಲಸೀಜಿಯಾ ಎಂಬ ಯೀಸ್ಟ್, ಸ್ಟೆಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಆರೋಗ್ಯವಾಗಿರುವ ನಾಯಿಯ ಮೈಮೇಲೂ ಸ್ವಲ್ಪ ಸ್ವಲ್ಪ ಇದ್ದೇ ಇರುತ್ತವೆ. ಬೇರೆ ಯಾವುದೋ ಕಾರಣಕ್ಕೆ ಕಿವಿಯ ಚರ್ಮ ಕೆಂಪಾಗಿ, ಊದಿ, ಜಿಡ್ಡು ಹೆಚ್ಚಾದಾಗ ಇವು ಒಂದಕ್ಕೆ ನೂರಾಗುತ್ತವೆ. ಡ್ರಾಪ್ಸ್ ಇವನ್ನು ಕೊಲ್ಲುತ್ತದೆ. ಆದರೆ ಮೂಲ ಕಾರಣ ಹಾಗೇ ಕೂತಿರುತ್ತದೆ. ಗುಂಡನ ಕಿವಿ ಎರಡೆರಡು ತಿಂಗಳಿಗೆ ಕೆಡುತ್ತಿದ್ದುದು ಇದಕ್ಕೇ.

ಮೊದಲು ನೋಡಿ, ಮೂಸಿ

ಕಿವಿ ಎತ್ತಿ ಬೆಳಕಿನಲ್ಲಿ ನೋಡಿ. ಚೆನ್ನಾಗಿರುವ ಕಿವಿಯ ಒಳಮೈ ತೆಳುವಾಗಿ, ತಿಳಿ ಗುಲಾಬಿ ಬಣ್ಣಕ್ಕೆ ಇರುತ್ತದೆ. ವಾಸನೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಕಂದು ಬಣ್ಣದ ಜಿಡ್ಡು, ಹುಳಿ ಬಂದಂಥ ಮುಗ್ಗಲು ವಾಸನೆ ಇದ್ದರೆ ಯೀಸ್ಟ್ ಇರಬಹುದು. ಕಾಫಿಪುಡಿಯ ಹಾಗೆ ಕಪ್ಪಗೆ ಉದುರುತ್ತಿದ್ದರೆ, ಅದರಲ್ಲೂ ಮರಿಗಳಲ್ಲಿ, ಕಿವಿಯ ನುಸಿ ಇರಬಹುದು. ಹಳದಿ ಅಥವಾ ಹಸಿರು ಕೀವು, ಮುಟ್ಟಲು ಬಿಡದಷ್ಟು ನೋವು ಇದ್ದರೆ ಬ್ಯಾಕ್ಟೀರಿಯಾ ಇರಬಹುದು. ಆಟವಾಡಿ ಬಂದ ನಾಯಿ ಇದ್ದಕ್ಕಿದ್ದಂತೆ ಒಂದೇ ಕಿವಿಯನ್ನು ಕೆರೆಯತೊಡಗಿದರೆ ಹುಲ್ಲಿನ ಮುಳ್ಳೋ ಮತ್ತೇನೋ ಒಳಗೆ ಹೋಗಿರಬಹುದು. "ಇರಬಹುದು" ಅಂತ ಇಷ್ಟು ಸಲ ಬರೆದಿದ್ದಕ್ಕೆ ಕಾರಣ ಇದೆ. ಬಣ್ಣ, ವಾಸನೆ ನೋಡಿ ಅನುಭವಿ ಡಾಕ್ಟರಿಗೂ ಖಚಿತವಾಗಿ ಹೇಳಲಾಗದು.

ಕೆಲವು ಲಕ್ಷಣ ಕಂಡರೆ ಮಾತ್ರ ನಾಳೆ ಅನ್ನಬೇಡಿ, ಅವತ್ತೇ ಹೊರಡಿ. ತಲೆ ಒಂದು ಕಡೆಗೆ ವಾಲುವುದು, ನಡೆಯುವಾಗ ತೂರಾಡುವುದು, ಕಣ್ಣುಗುಡ್ಡೆ ಪಕ್ಕದಿಂದ ಪಕ್ಕಕ್ಕೆ ಅದುರುವುದು, ಮುಖದ ಒಂದು ಬದಿ ಜೋತುಬೀಳುವುದು. ಸೋಂಕು ಮಧ್ಯಕಿವಿಗೋ ಒಳಕಿವಿಗೋ ಇಳಿದಿರಬಹುದು. ಕಿವಿಯ ಹಾಳೆ ದಿಂಬಿನ ಹಾಗೆ ಉಬ್ಬಿದರೆ, ತಲೆ ಒದರಿ ಒದರಿ ಒಳಗೆ ರಕ್ತನಾಳ ಒಡೆದು ರಕ್ತ ತುಂಬಿದೆ ಅಂತ ಅರ್ಥ. ಅದನ್ನು ಸೂಜಿಯಿಂದ ಚುಚ್ಚಬೇಡಿ.

ಡಾಕ್ಟರಿಗೆ ತೋರಿಸುವ ಮೊದಲು ಏನನ್ನೂ ಹಾಕಬೇಡಿ

ಕಪಾಟಿನಲ್ಲಿ ಹಳೆಯ ಡ್ರಾಪ್ಸ್ ಇರುತ್ತದೆ. ಹಾಕಿಬಿಡೋಣ ಅನಿಸುತ್ತದೆ. ಬೇಡ. ಕಿವಿತಮಟೆ ಒಡೆದಿದ್ದರೆ ಕೆಲವು ಔಷಧಿಗಳು, ಉದಾಹರಣೆಗೆ ಜೆಂಟಾಮೈಸಿನ್ ಇರುವ ಡ್ರಾಪ್ಸ್, ಒಳಗಿವಿಗೆ ಇಳಿದು ಕಿವುಡು ತರಬಹುದು, ನಡಿಗೆಯ ಸಮತೋಲ ಕೆಡಿಸಬಹುದು. ತಮಟೆ ಸರಿಯಿದೆಯೋ ಇಲ್ಲವೋ ಮನೆಯಲ್ಲಿ ಕೂತು ತಿಳಿಯುವ ದಾರಿ ಇಲ್ಲ.

ಮನುಷ್ಯರ ಕಿವಿ ಡ್ರಾಪ್ಸ್, ಎಣ್ಣೆ, ಸ್ಪಿರಿಟ್, ವಿನೆಗರ್, ಹೈಡ್ರೋಜನ್ ಪೆರಾಕ್ಸೈಡ್ ಯಾವುದೂ ಬೇಡ. ಹುಣ್ಣಾದ ಚರ್ಮದ ಮೇಲೆ ಸ್ಪಿರಿಟ್ ಬಿದ್ದರೆ ಹೇಗಿರುತ್ತದೆ ಅಂತ ಒಮ್ಮೆ ಯೋಚಿಸಿ. ಆಮೇಲೆ ಆ ನಾಯಿ ನಿಮ್ಮ ಕೈ ಕಂಡರೇ ಓಡುತ್ತದೆ, ನಿಜವಾದ ಚಿಕಿತ್ಸೆಗೂ ಬಿಡುವುದಿಲ್ಲ. ಇಯರ್ ಬಡ್ ಕೂಡ ಬೇಡ. ಅದು ಗುಗ್ಗೆಯನ್ನು ತಿರುವಿನ ಆಚೆಗೆ ತಳ್ಳುತ್ತದೆ.

ಹೊರಡುವ ಮುನ್ನ ಕಿವಿಯನ್ನು ತೊಳೆಯಲೂ ಹೋಗಬೇಡಿ. ಗಲೀಜು ಕಿವಿ ಅಂತ ನಾಚಿಕೆ ಯಾಕೆ? ಆ ಗಲೀಜೇ ಡಾಕ್ಟರಿಗೆ ಬೇಕಾಗಿರುವುದು.

ತಪಾಸಣೆ ಹೇಗಿರಬೇಕು

ಡಾಕ್ಟರು ಓಟೋಸ್ಕೋಪ್, ಅಂದರೆ ಕಿವಿಯೊಳಗೆ ಬೆಳಕು ಬಿಟ್ಟು ನೋಡುವ ಉಪಕರಣ ಇಟ್ಟು ಎರಡೂ ಕಿವಿ ನೋಡಬೇಕು, ನೋವಿಲ್ಲದ ಕಿವಿ ಮೊದಲು. ಆಮೇಲೆ ಒಂದೊಂದು ಕಿವಿಯಿಂದಲೂ ಹತ್ತಿಕಡ್ಡಿಯಲ್ಲಿ ಸ್ವಲ್ಪ ಸ್ರಾವ ತೆಗೆದು, ಗಾಜಿನ ಸ್ಲೈಡಿನ ಮೇಲೆ ಉರುಳಿಸಿ, ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಕೆಲವೇ ನಿಮಿಷದ ಕೆಲಸ. ಆದರೆ ಇಡೀ ಚಿಕಿತ್ಸೆ ನಿಂತಿರುವುದೇ ಇದರ ಮೇಲೆ.

ಗುಂಡನ ಸ್ಲೈಡನ್ನು ಆ ಡಾಕ್ಟರು ನನಗೂ ತೋರಿಸಿದರು. ನೇರಳೆ ಬಣ್ಣದ ಪುಟ್ಟ ಪುಟ್ಟ ಚುಕ್ಕೆಗಳು, ನಡುವೆ ಸೊಂಟ ಸಣ್ಣಗಾದ ಕಡಲೆಕಾಯಿಯ ಆಕಾರ. "ಇದು ಯೀಸ್ಟ್" ಅಂದರು. ಹಿಂದಿನ ನಾಲ್ಕು ಸಲವೂ ಯಾರೂ ಸ್ಲೈಡ್ ಮಾಡಿರಲಿಲ್ಲ.

ಸ್ಲೈಡಿನಲ್ಲಿ ಕಡ್ಡಿಯಾಕಾರದ ಬ್ಯಾಕ್ಟೀರಿಯಾ ಕಂಡರೆ ಸ್ಯೂಡೋಮೊನಾಸ್ ಇರುವ ಸಾಧ್ಯತೆ ಇದೆ. ಅದು ಹಲವು ಔಷಧಿಗಳಿಗೆ ಬಗ್ಗುವುದಿಲ್ಲ. ಆಗ ಕಲ್ಚರ್ ಟೆಸ್ಟ್, ಅಂದರೆ ಸ್ರಾವದಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ಯಾವ ಔಷಧಿಗೆ ಬಗ್ಗುತ್ತದೆ ಅಂತ ನೋಡುವ ಪರೀಕ್ಷೆ, ಮಾಡಿಸುವುದು ಒಳ್ಳೆಯದು. ಕಿವಿ ಊದಿ ದಾರಿಯೇ ಮುಚ್ಚಿದ್ದರೆ ಕೆಲವು ದಿನ ಸ್ಟೀರಾಯ್ಡ್ ಕೊಟ್ಟು ಊತ ಇಳಿಸಿ ಮತ್ತೆ ನೋಡುತ್ತಾರೆ. ಸ್ಟೀರಾಯ್ಡ್ ಮಾತ್ರೆ ತಿನ್ನುವ ದಿನಗಳಲ್ಲಿ ನಾಯಿಗೆ ಬಾಯಾರಿಕೆ, ಹಸಿವು, ಮೂತ್ರ ಮೂರೂ ಜಾಸ್ತಿ. ಗಾಬರಿ ಬೇಡ, ಹೊರಗೆ ಕರೆದೊಯ್ಯುವುದನ್ನು ಹೆಚ್ಚಿಸಿ. ತುಂಬಾ ಹಳೆಯ ಸೋಂಕಾದರೆ ಅರಿವಳಿಕೆ ಕೊಟ್ಟು ಆಳದವರೆಗೆ ತೊಳೆಯಬೇಕಾಗಬಹುದು.

ಮನೆಯಲ್ಲಿ ತೊಳೆದು ಔಷಧಿ ಹಾಕುವುದು

ಎಷ್ಟೋ ಸಲ ಔಷಧಿ ಸರಿಯಾಗಿಯೇ ಇರುತ್ತದೆ, ಅದು ಕಿವಿಯ ಬುಡಕ್ಕೆ ತಲುಪುವುದಿಲ್ಲ ಅಷ್ಟೆ. ಆದ್ದರಿಂದ ಇದನ್ನು ಸ್ವಲ್ಪ ನಿಧಾನವಾಗಿ ಓದಿ. ತೊಳೆಯುವ ದ್ರಾವಣ ಯಾವುದು, ಎಷ್ಟು ದಿನಕ್ಕೊಮ್ಮೆ ಅನ್ನುವುದನ್ನು ಡಾಕ್ಟರೇ ಹೇಳಬೇಕು. ಕೆಲವು ಔಷಧಿಗಳನ್ನು ಕ್ಲಿನಿಕ್ಕಿನಲ್ಲೇ ಒಮ್ಮೆ ಕಿವಿಗೆ ತುಂಬಿ ಕಳಿಸುತ್ತಾರೆ. ಆಗ ಮನೆಯಲ್ಲಿ ತೊಳೆಯಲೇಬಾರದು.

ಬಾಟಲಿಯನ್ನು ಐದು ನಿಮಿಷ ಅಂಗೈಯಲ್ಲಿ ಹಿಡಿದು ತಣ್ಣಗಿರುವುದನ್ನು ಬಿಡಿಸಿ. ತಣ್ಣನೆಯ ದ್ರವ ಕಿವಿಯೊಳಗೆ ಬಿದ್ದರೆ ನಾಯಿ ಬೆಚ್ಚುತ್ತದೆ. ನಾಯಿಯನ್ನು ಮೂಲೆಗೆ ಕೂರಿಸಿ, ಹಿಂದಕ್ಕೆ ಸರಿಯಲು ಜಾಗ ಇರಬಾರದು. ಇನ್ನೊಬ್ಬರು ಎದುರು ಕೂತು ಅದಕ್ಕೆ ಇಷ್ಟವಾದ ತಿಂಡಿಯನ್ನು ನೆಕ್ಕಲು ಕೊಡುತ್ತಿರಲಿ.

ಕಿವಿಯ ಹಾಳೆಯನ್ನು ಮೆಲ್ಲಗೆ ಮೇಲಕ್ಕೆ ಎತ್ತಿ ಹಿಡಿಯಿರಿ. ಒಳದಾರಿ ಸ್ವಲ್ಪ ನೆಟ್ಟಗಾಗುತ್ತದೆ. ಬಾಟಲಿಯ ಮೂತಿ ಕಿವಿಗೆ ತಾಗದ ಹಾಗೆ ದ್ರಾವಣವನ್ನು ಧಾರಾಳವಾಗಿ ತುಂಬಿ. ನಾಲ್ಕು ಹನಿ ಹಾಕಿ ತೊಳೆದೆ ಅಂದರೆ ಆಗದು. ಈಗ ಕಿವಿಯ ಬುಡವನ್ನು, ಕೆನ್ನೆ ಸೇರುವ ಜಾಗದಲ್ಲಿ ಗಟ್ಟಿ ಕೊಳವೆಯ ಹಾಗೆ ಕೈಗೆ ಸಿಗುವ ಭಾಗವನ್ನು, ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು 20ರಿಂದ 30 ಸೆಕೆಂಡು ನೀವಿ. ಪಚಪಚ ಅಂತ ಸದ್ದು ಬರಬೇಕು. ಆ ಸದ್ದು ಬಂತೆಂದರೆ ದ್ರಾವಣ ಕೆಳಗೆ ಇಳಿದಿದೆ.

ಕೈ ಬಿಡಿ. ನಾಯಿ ತಲೆ ಒದರುತ್ತದೆ. ಒದರಲಿ, ಗುಗ್ಗೆ ಮೇಲೆ ಬರುವುದೇ ಹಾಗೆ. ನಿಮ್ಮ ಮುಖಕ್ಕೂ ಗೋಡೆಗೂ ಚಿಮ್ಮುತ್ತದೆ, ಆದ್ದರಿಂದ ಹಳೆಯ ಟವೆಲ್ ಅಡ್ಡ ಹಿಡಿಯಿರಿ. ಆಮೇಲೆ ಬೆರಳಿಗೆ ಹತ್ತಿ ಸುತ್ತಿ, ಬೆರಳು ಸುಲಭಕ್ಕೆ ಹೋಗುವಷ್ಟೇ ಒರೆಸಿ. ಹತ್ತು ನಿಮಿಷ ಬಿಟ್ಟು, ಒಳಗೆ ಸ್ವಲ್ಪ ಒಣಗಿದ ಮೇಲೆ, ಹೇಳಿದಷ್ಟು ಹನಿ ಔಷಧಿ ಹಾಕಿ ಮತ್ತೆ ಬುಡ ನೀವಿ.

ತೊಳೆಯುವಾಗ ಜೋರಾಗಿ ನೋವು ತೋರಿಸಿದರೆ, ಔಷಧಿ ಹಾಕಿದ ಮೇಲೆ ಕೆಂಪು ಹೆಚ್ಚಾದರೆ, ತೂರಾಡಿದರೆ, ಕರೆದರೂ ಕೇಳಿಸದವರಂತೆ ಇದ್ದರೆ ಔಷಧಿ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಿ.

ನಾಲ್ಕನೇ ದಿನಕ್ಕೆ ವಾಸನೆ ಹೋಗುತ್ತದೆ, ಕೆರೆತ ನಿಲ್ಲುತ್ತದೆ. ಅಲ್ಲಿಗೆ ಔಷಧಿ ಬಿಡುವವರೇ ಜಾಸ್ತಿ. ನಾನೂ ಹಾಗೇ ಬಿಟ್ಟಿದ್ದೆ. ಹೊರಗೆ ಚೆನ್ನಾಗಿ ಕಂಡರೂ ತಿರುವಿನ ಆಚೆ ಸೋಂಕು ಉಳಿದಿರುತ್ತದೆ. ಹೇಳಿದಷ್ಟೂ ದಿನ ಹಾಕಿ, ಮುಗಿದ ಮೇಲೆ ಮತ್ತೆ ಕರೆದುಕೊಂಡು ಹೋಗಿ ಸ್ಲೈಡ್ ನೋಡಿಸಿ.

ಮೂಲ ಕಾರಣದ ಬೆನ್ನು ಹತ್ತಿ

ವರ್ಷಕ್ಕೆ ಎರಡು ಮೂರು ಸಲ ಕಿವಿ ಕೆಟ್ಟರೆ ಡ್ರಾಪ್ಸಿನ ಮಾತು ಬಿಟ್ಟು ಕಾರಣದ ಮಾತು ಆಡಬೇಕು. ನುಸಿ ಆದರೆ ಸುಲಭ, ಮನೆಯ ಬೇರೆ ನಾಯಿ ಬೆಕ್ಕುಗಳಿಗೂ ಒಟ್ಟಿಗೇ ಚಿಕಿತ್ಸೆ ಕೊಟ್ಟರೆ ಆಯಿತು. ಈಜುವ ನಾಯಿಯಾದರೆ ಪ್ರತಿ ಸಲ ಕಿವಿ ಒಣಗಿಸಿ. ವಯಸ್ಸಾದ ನಾಯಿಗೆ ಥೈರಾಯ್ಡ್ ಕಡಿಮೆ ಇದೆಯಾ, ಒಂದೇ ಕಿವಿಯಲ್ಲಿ ಗಂಟೇನಾದರೂ ಬೆಳೆಯುತ್ತಿದೆಯಾ ನೋಡಿಸಿ.

ಅಲರ್ಜಿ ಮಾತ್ರ ತಾಳ್ಮೆ ಬೇಡುತ್ತದೆ. ಆಹಾರದ ಅಲರ್ಜಿ ಪತ್ತೆಗೆ ನಂಬಬಹುದಾದ ರಕ್ತಪರೀಕ್ಷೆ ಇಲ್ಲ. ಡಾಕ್ಟರು ಹೇಳಿದ ಒಂದೇ ಬಗೆಯ ಆಹಾರವನ್ನು ಸುಮಾರು 8 ವಾರ ಕೊಟ್ಟು, ಆಮೇಲೆ ಹಳೆಯ ಆಹಾರ ಕೊಟ್ಟು ನೋಡಬೇಕು. ನಡುವೆ ಒಂದು ತುಂಡು ಬಿಸ್ಕತ್ ಕೊಟ್ಟರೂ ಲೆಕ್ಕ ತಪ್ಪುತ್ತದೆ. ಮನೆಯವರೆಲ್ಲ ಒಪ್ಪಿದ ಮೇಲೇ ಶುರು ಮಾಡಿ. ನಮ್ಮಲ್ಲಿ ಮೊದಲ ಪ್ರಯತ್ನ ಮೂರನೇ ವಾರಕ್ಕೆ ಕೆಟ್ಟಿತು, ಮತ್ತೆ ಒಂದರಿಂದ ಎಣಿಸಿದೆವು.

ನಂಬುವಂಥ ಡಾಕ್ಟರು ಸಿಗುವುದು ಹೇಗೆ

ಪಶುವೈದ್ಯರಾಗಿ ನೋಂದಣಿ ಆಗಿದೆಯಾ ಅನ್ನುವುದನ್ನು ಮೊದಲು ಖಚಿತ ಮಾಡಿಕೊಳ್ಳಿ. ಅದಾದ ಮೇಲೆ ದೊಡ್ಡ ಕಟ್ಟಡ, ಹೊಳೆಯುವ ಯಂತ್ರ ನೋಡಿ ಮರುಳಾಗಬೇಡಿ. ಬರೀ ಲಸಿಕೆ ಹಾಕಿಸಿದವರನ್ನು ಕೇಳುವುದಕ್ಕಿಂತ, ತಿಂಗಳುಗಟ್ಟಲೆ ಕಾಯಿಲೆ ಬಿದ್ದ ನಾಯಿಯನ್ನು ನೋಡಿಕೊಂಡವರನ್ನು ಕೇಳಿ. ಕಷ್ಟದಲ್ಲಿ ಡಾಕ್ಟರು ಹೇಗಿದ್ದರು ಅಂತ ಅವರಿಗೇ ಗೊತ್ತಿರುವುದು.

ಆಗುವುದಾದರೆ ನಾಯಿ ಚೆನ್ನಾಗಿರುವಾಗಲೇ ಒಮ್ಮೆ ಹೋಗಿ ಬನ್ನಿ. ತೂಕ ನೋಡಿಸಲು, ಉಗುರು ಕತ್ತರಿಸಲು. ಡಾಕ್ಟರು ನಾಯಿಯ ಹತ್ತಿರ ಹೇಗೆ ಬರುತ್ತಾರೆ ಗಮನಿಸಿ. ಸ್ವಲ್ಪ ಕಾದು, ಮೂಸಲು ಬಿಟ್ಟು ಆಮೇಲೆ ಮುಟ್ಟುತ್ತಾರಾ? ಕಿವಿ ನೋಯುತ್ತಿರುವ ನಾಯಿಗೆ ಬಾಯಿಪಟ್ಟಿ ಹಾಕಿದರೆ ತಪ್ಪು ತಿಳಿಯಬೇಡಿ, ಎಷ್ಟು ಸಾಧು ನಾಯಿಯೂ ನೋವಿಗೆ ಕಚ್ಚುತ್ತದೆ. ರಾತ್ರಿ ತುರ್ತು ಬಂದರೆ ಎಲ್ಲಿಗೆ ಹೋಗಬೇಕು ಅಂತಲೂ ಅವತ್ತೇ ಕೇಳಿಟ್ಟುಕೊಳ್ಳಿ.

ಚಿಕಿತ್ಸೆಗೆ ಹೋದಾಗ ಸಂಕೋಚ ಬಿಟ್ಟು ಕೇಳಿ: "ಸ್ಲೈಡಿನಲ್ಲಿ ಏನು ಕಂಡಿತು ಡಾಕ್ಟ್ರೇ? ತಮಟೆ ಸರಿಯಿದೆಯಾ? ಯಾವಾಗ ಮತ್ತೆ ಬರಬೇಕು? ಇದು ವಾಪಸ್ ಬಂದರೆ ಮುಂದೇನು?" ಉತ್ತರ ಚಿಕ್ಕದಾಗಿದ್ದರೂ ಸರಿ, ನೇರವಾಗಿರಬೇಕು. "ನನಗೆ ಇದು ಬಗೆಹರಿಯುತ್ತಿಲ್ಲ, ಚರ್ಮದ ತಜ್ಞರಿಗೆ ತೋರಿಸೋಣ" ಅನ್ನುವ ಡಾಕ್ಟರು ಸಿಕ್ಕರೆ ಅವರನ್ನು ಬಿಡಬೇಡಿ. ಕಿವಿಯೊಳಗೆ ನೋಡದೆ ಔಷಧಿ ಬರೆಯುವವರು, ಕೊಟ್ಟ ಇಂಜೆಕ್ಷನ್ನಿನ ಹೆಸರು ಹೇಳದವರು, ಪ್ರತಿ ಸಲ ಅದೇ ಬಾಟಲಿ ಕೊಟ್ಟು ಕಳಿಸುವವರು, ಬೇರೆಯವರನ್ನು ಕೇಳುತ್ತೇನೆ ಅಂದರೆ ಸಿಡುಕುವವರು ಇದ್ದಾರೆ. ಅಲ್ಲಿಂದ ಹೊರಟುಬಿಡಿ. ಪರೀಕ್ಷೆಯ ವರದಿಗಳ ಪ್ರತಿ ಕೇಳಿ ತೆಗೆದುಕೊಳ್ಳಿ, ಹೊಸ ಡಾಕ್ಟರಿಗೆ ಬೇಕಾಗುತ್ತದೆ.

ದುಡ್ಡಿನ ಮಾತನ್ನೂ ಮೊದಲೇ ಆಡಿ. ನಿಮ್ಮ ಕೈಲಿ ಎಷ್ಟು ಆಗುತ್ತದೆ ಹೇಳಿ, ಈಗಲೇ ಬೇಕಾದ ಪರೀಕ್ಷೆ ಯಾವುದು, ಕಾಯಬಹುದಾದದ್ದು ಯಾವುದು ಅಂತ ಕೇಳಿ, ಅಂದಾಜನ್ನು ಬರೆಸಿಕೊಳ್ಳಿ. ನೀವೂ ಸುಳ್ಳು ಹೇಳಬಾರದು. ನಾಲ್ಕು ದಿನಕ್ಕೆ ಡ್ರಾಪ್ಸ್ ಬಿಟ್ಟಿದ್ದರೆ ಬಿಟ್ಟೆ ಅನ್ನಿ. ಇಲ್ಲದಿದ್ದರೆ ಆ ಔಷಧಿ ಕೆಲಸ ಮಾಡಲಿಲ್ಲ ಅಂದುಕೊಂಡು ಅವರು ಇನ್ನೂ ಬಲವಾದದ್ದನ್ನು ಬರೆಯುತ್ತಾರೆ.

ಹೋಗುವ ಹಿಂದಿನ ರಾತ್ರಿ ಒಂದು ಹಾಳೆಯಲ್ಲಿ ಇಷ್ಟು ಬರೆದಿಡಿ: ಕೆರೆತ ಯಾವತ್ತು ಶುರುವಾಯಿತು, ಯಾವ ಕಿವಿ, ಹಿಂದೆ ಯಾವ್ಯಾವ ಔಷಧಿ ಎಷ್ಟು ದಿನ ಹಾಕಿದಿರಿ, ಏನು ತಿನ್ನುತ್ತದೆ, ಮೈಯಲ್ಲಿ ಬೇರೆಲ್ಲಿ ತುರಿಸಿಕೊಳ್ಳುತ್ತದೆ, ಪಾದ ನೆಕ್ಕುತ್ತದಾ. ಹಳೆಯ ಬಾಟಲಿಗಳನ್ನು ಖಾಲಿಯಾಗಿದ್ದರೂ ಚೀಲಕ್ಕೆ ಹಾಕಿಕೊಳ್ಳಿ.