ಬೇಸಿಗೆಯ ಆರಂಭದಲ್ಲಿ ಅಳಿವೆಯ ಗಾಳಕ್ಕೆ ಹೊರಡುವವರಿಗೆ

ಕುಂದಾಪುರ ಬಳಿಯ ಗಂಗೊಳ್ಳಿಯಂತಹ ಅಳಿವೆಗಳಲ್ಲಿ, ಅಂದರೆ ಹೊಳೆ ಕಡಲನ್ನು ಸೇರುವ ಕಡೆ, ಗಾಳ ಹಾಕುವವರು ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಗಡಿಯಾರಕ್ಕಿಂತ ಉಬ್ಬರ ಇಳಿತವನ್ನು ನೋಡಿ ಹೊರಡಬೇಕೆಂಬುದು ನನ್ನ ಸಲಹೆ. ಹೊಳೆಗಳ ಸಿಹಿನೀರಿನ ಹರಿವು ಕುಗ್ಗಿ ಉಪ್ಪುನೀರು ಒಳಗಿನವರೆಗೂ ಏರುವುದರಿಂದ, ಕಾಣೆ, ಕೆಂಬೇರಿಯಂತಹ ಮೀನುಗಳನ್ನು ಈಗ ಸೇತುವೆಯ ಕಂಬಗಳ ಬಳಿಯೂ ಹುಡುಕಬಹುದು. ನೀರು ನಿಂತ ಹೊತ್ತಿನಲ್ಲಿ ಕಾದು ಕುಳಿತರೆ ಫಲ ಕಡಿಮೆ; ತೇಲುವ ಕಸಕಡ್ಡಿ ಒಳಮುಖವಾಗಿ ಸಾಗತೊಡಗಿದ್ದು ಕಂಡಾಗ, ಜೀವಂತ ಸಿಗಡಿಯನ್ನು ಬಾಲದ ಬಳಿ ಹಗುರವಾಗಿ ಚುಚ್ಚಿ, ಅದು ಕಾಲಾಡಿಸುತ್ತಿರುವಂತೆಯೇ ನೀರಿಗೆ ಇಳಿಬಿಡಿ. ಉಬ್ಬರದ ವೇಳೆ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಸೆಳೆತ ಬಿರುಸಾಗಿರುವುದರಿಂದ ಗಾಳದ ದಾರಕ್ಕೆ ಹೆಚ್ಚು ತೂಕದ ಸೀಸ ಬೇಕಾಗುತ್ತದೆ. ಮಧ್ಯಾಹ್ನದ ನಂತರ ಕಡಲಗಾಳಿ ಬಲವಾಗುತ್ತದೆ; ಆಗ ಕಲ್ಲುದಂಡೆಯ ತುದಿಯಲ್ಲಿ ದಯವಿಟ್ಟು ಯಾರೂ ಒಬ್ಬರೇ ನಿಲ್ಲಬೇಡಿ.