ನೆದರ್‌ಲ್ಯಾಂಡ್ಸ್‌ಗೆ ಹೊರಟಿದ್ದೀರಾ? ಏಪ್ರಿಲ್ 27ರಂದು ಮನೆಯಲ್ಲಿ ಕೂರಬೇಡಿ

ರಜೆಗೆ ಬೆಂಗಳೂರಿಗೆ ಬಂದಾಗಲೆಲ್ಲ ಜಯನಗರದ ಮನೆಗೆ ಯಾರಾದರೂ ಬರುತ್ತಾರೆ. ಅವರ ಮಗನಿಗೋ ಸೊಸೆಗೋ ಆಮ್ಸ್ಟರ್‌ಡಾಮ್‌ನಲ್ಲಿ ಕೆಲಸ ಸಿಕ್ಕಿರುತ್ತದೆ. ಬಾಡಿಗೆ ಎಷ್ಟು, ಕುಕ್ಕರ್ ಒಯ್ಯಬೇಕಾ, ಎಲ್ಲ ಕೇಳುತ್ತಾರೆ. ಅಲ್ಲಿನ ಹಬ್ಬದ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ.

ಏಪ್ರಿಲ್ 27 ರಾಜ ವಿಲ್ಲೆಮ್ ಅಲೆಕ್ಸಾಂಡರ್ ಹುಟ್ಟಿದ ದಿನ, ಕಿಂಗ್ಸ್ ಡೇ. ಭಾನುವಾರ ಬಿದ್ದರೆ ಹಿಂದಿನ ದಿನವೇ ಆಚರಿಸುತ್ತಾರೆ. ನವೆಂಬರ್ 1ಕ್ಕೆ ನಮ್ಮ ಆಟೋ ಸ್ಟ್ಯಾಂಡುಗಳು ಕೆಂಪು-ಹಳದಿ ಆಗುತ್ತವಲ್ಲ, ಅಲ್ಲಿ ಊರಿಗೆ ಊರೇ ಕಿತ್ತಳೆ. ರಾಜಮನೆತನದ ಬಣ್ಣ ಅದು. ಒಂದು ಕಿತ್ತಳೆ ಕುರ್ತಾ ಇಲ್ಲಿಂದಲೇ ತೆಗೆದುಕೊಂಡು ಹೋಗಿ. ಮೇಲೆ ಜಾಕೆಟ್ ಬೇಕೇ ಬೇಕು, ಏಪ್ರಿಲ್ ಕೊನೆ ಅಂದರೆ ಬಿಸಿಲು ಅಂದುಕೊಳ್ಳಬೇಡಿ.

ಅಸಲಿ ಮಜಾ ಬೀದಿ ಸಂತೆ. ಅವತ್ತು ಪರವಾನಗಿ ಇಲ್ಲದೆ ಯಾರು ಬೇಕಾದರೂ ಹಳೇ ಸಾಮಾನು ಮಾರಬಹುದು. ಎಲ್ಲಿ ಅನ್ನುವುದನ್ನು ಆಯಾ ಊರಿನ ನಗರಸಭೆ ಹೇಳುತ್ತದೆ. ಹೊಸದಾಗಿ ಮನೆ ಹೂಡುವವರಿಗೆ ಇದಕ್ಕಿಂತ ಒಳ್ಳೆಯ ದಿನ ಇಲ್ಲ. ತಟ್ಟೆ, ಲ್ಯಾಂಪು, ಮಕ್ಕಳ ಪುಸ್ತಕ, ಆಟಿಕೆ ಎಲ್ಲ ಪುಡಿಗಾಸಿಗೆ ಸಿಗುತ್ತವೆ. ಚಿಲ್ಲರೆ ಇಟ್ಟುಕೊಳ್ಳಿ. ಮೊಬೈಲ್‌ನಲ್ಲಿ ಹಣ ಕೇಳುವವರೂ ಇದ್ದಾರೆ, ಆದರೆ ನಿಮ್ಮ ಡಚ್ ಬ್ಯಾಂಕ್ ಖಾತೆ ಇನ್ನೂ ಆಗಿರುವುದಿಲ್ಲ ಅಲ್ವಾ? ಚೌಕಾಸಿ ಧಾರಾಳವಾಗಿ ಮಾಡಿ. ಮಾರುತ್ತಿರುವುದು ಮಗು ಆದರೆ ಮಾತ್ರ ಬೇಡ, ಕೇಳಿದಷ್ಟು ಕೊಟ್ಟುಬಿಡಿ.

ನಿಮ್ಮ ಮಕ್ಕಳನ್ನೂ ಒಂದು ಬೆಡ್‌ಶೀಟ್ ಹಾಸಿ ಕೂರಿಸಿ. ಆಮ್ಸ್ಟರ್‌ಡಾಮ್‌ನ ವೊಂಡೆಲ್ ಪಾರ್ಕ್ ಅವತ್ತು ಮಕ್ಕಳ ಸಂತೆಗೇ ಮೀಸಲು. ಪಿಟೀಲು ನುಡಿಸಿ ಕಾಸು ಗಳಿಸುವ ಮಕ್ಕಳೂ ಇರುತ್ತಾರೆ. ವರ್ಷವಿಡೀ ಬರೀ ತಲೆಯಾಡಿಸಿ ಹೋಗುವ ಪಕ್ಕದ ಮನೆಯವರು ಅವತ್ತು ನಿಂತು ಮಾತಾಡುತ್ತಾರೆ. ಮಾರದೆ ಉಳಿದದ್ದನ್ನು ಮನೆಗೆ ವಾಪಸ್ ಒಯ್ಯಿರಿ, ರಸ್ತೆಯಲ್ಲಿ ಬಿಡಬೇಡಿ.

ಟೊಂಪೂಸ್ ಅನ್ನುವ ಕ್ರೀಮ್ ಪೇಸ್ಟ್ರಿ ಅವತ್ತು ಕಿತ್ತಳೆ ಬಣ್ಣ ಹೊದ್ದು ಬರುತ್ತದೆ. ಮೊಟ್ಟೆ ತಿನ್ನದವರು ಲೇಬಲ್ ಓದಿ. ಆಮ್ಸ್ಟರ್‌ಡಾಮ್ ನಡುಭಾಗದಲ್ಲಿ ಟ್ರಾಮ್ ನಂಬಬೇಡಿ, ಜನಜಂಗುಳಿ ಜಾಸ್ತಿ. ಸಣ್ಣ ಮಕ್ಕಳಿದ್ದರೆ ಪಕ್ಕದ ಆಮ್ಸ್ಟೆಲ್‌ವೇನ್‌ನಂಥ ಊರೇ ವಾಸಿ.

ಅದಾದ ವಾರಕ್ಕೆ, ಮೇ 4ರ ರಾತ್ರಿ 8 ಗಂಟೆಗೆ, ಯುದ್ಧದಲ್ಲಿ ಸತ್ತವರಿಗಾಗಿ ದೇಶವೇ ಎರಡು ನಿಮಿಷ ಸುಮ್ಮನಾಗುತ್ತದೆ. ಆಗ ಫೋನ್ ಹಿಡಿದು ಮಾತಾಡುತ್ತಾ ನಡೆಯಬೇಡಿ. ಮೇ 5 ವಿಮೋಚನೆಯ ದಿನ, ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಹಿಡಿತದಿಂದ ದೇಶ ಬಿಡುಗಡೆಯಾದ ನೆನಪಿಗೆ. ಅನೇಕ ಕಂಪನಿಗಳು ಅದಕ್ಕೆ ಐದು ವರ್ಷಕ್ಕೊಮ್ಮೆ ಮಾತ್ರ ರಜೆ ಕೊಡುತ್ತವೆ. 2025ರಲ್ಲಿ ಕೊಟ್ಟರು, ಇನ್ನು 2030ಕ್ಕೆ. ಬೆಂಗಳೂರಿನ ಟಿಕೆಟ್ ಬುಕ್ ಮಾಡುವ ಮೊದಲು ಎಚ್‌ಆರ್‌ನವರನ್ನು ಒಂದು ಮಾತು ಕೇಳಿ.